ಲೀಟರಿನ ಲೆಕ್ಕವೂ ವೇಗದ ಕಾರುಗಳೂ

ತರಗತಿಯಲ್ಲಿ ಆವರ್ತ ಚಲನೆಯ ಪಾಠವನ್ನು ಮುಗಿಸಿ ನಾವು ಹೊರಬರುತ್ತಿದ್ದಾಗ ಇಬ್ಬರು ವಿದ್ಯಾರ್ಥಿಗಳು ಎದುರಿಗೆ ನಿಂತು, ತಮ್ಮೊಳಗೆ ಹಲವು ದಿನಗಳಿಂದ ನಡೆಯುತ್ತಿದ್ದ ವ್ಯಾಜ್ಯವೊಂದನ್ನು ನಾವೇ ತೀರ್ಮಾನಿಸಿಕೊಡಬೇಕೆಂದು ಕೇಳಿಕೊಂಡರು. ವ್ಯಾಜ್ಯವು ಎರಡು ಸ್ಪೋರ್ಟ್ಸ್ ಕಾರುಗಳನ್ನು ಕುರಿತದ್ದು. ಆ ಕಾರುಗಳಲ್ಲಿ ಒಂದನ್ನಾದರೂ ಅವರು ಮುಟ್ಟಿ ನೋಡಿದವರಲ್ಲ. ನಾವೂ ಅಲ್ಲ, ನಮಗೆ ಪ್ರಾಪ್ತವಾಗಿರುವ ವಾಹನವೆಂದರೆ ಕಾಲೇಜಿಗೆ ಹೋಗಿಬರುವ ಒಂದು ಸ್ಕೂಟರು. ಆದರೂ ವಾದದ ಕಾವು ಕಡಿಮೆಯಾಗಿರಲಿಲ್ಲ.

ಒಬ್ಬನು ಜಪಾನಿನ ಹೋಂಡಾ ಸಂಸ್ಥೆಯವರು 1999ರಲ್ಲಿ ಹೊರತಂದ ಎಸ್-2000 ಎಂಬ ಕಾರಿನ ಪಕ್ಷಪಾತಿ. ಅದರ ಎಂಜಿನು ಎರಡು ಲೀಟರಿನದು, ನಾಲ್ಕು ಸಿಲಿಂಡರುಗಳದು. ನಿಮಿಷಕ್ಕೆ 8,300 ಸುತ್ತು ಸುತ್ತುವಾಗ 240 ಅಶ್ವಶಕ್ತಿಯನ್ನು ಕೊಡುತ್ತದೆ. 9,000 ಸುತ್ತಿನವರೆಗೂ ಓಡಬಲ್ಲುದು. ಇನ್ನೊಬ್ಬನು ಅಮೆರಿಕದ ಷೆವ್ರೊಲೆ ಕಾರ್ವೆಟ್ಟಿನ ಅಭಿಮಾನಿ. 1997ರಲ್ಲಿ ಹೊಸ ರೂಪವನ್ನು ತಾಳಿದ ಆ ಕಾರಿನ ಎಂಜಿನು 5.7 ಲೀಟರಿನದು, ಎಂಟು ಸಿಲಿಂಡರುಗಳದು. ಅದು 5,600 ಸುತ್ತಿಗೇ 345 ಅಶ್ವಶಕ್ತಿಯನ್ನು ಒದಗಿಸುತ್ತದೆ. "ಹೋಂಡಾ ಒಂದು ಲೀಟರಿನಿಂದ 120 ಅಶ್ವಶಕ್ತಿಯನ್ನು ಹಿಂಡುತ್ತದೆ, ಸಾರ್. ಅಮೆರಿಕದವರಿಗೆ 61 ದಾಟಲಾಗಲಿಲ್ಲ. ಅದು ಒರಟು ಯಂತ್ರ" ಎಂದು ಮೊದಲನೆಯವನು. "ಲೀಟರನ್ನು ಯಾರು ಕೇಳಿದರು, ಸಾರ್? ಗಾಲಿಯನ್ನು ತಿರುಗಿಸುವುದು ಟಾರ್ಕು. ನನ್ನ ಕಾರಿನದು 475, ಇವನದು 207 ನ್ಯೂಟನ್-ಮೀಟರು. ಉಳಿದುದೆಲ್ಲ ಬರಿಯ ಸದ್ದು" ಎಂದು ಎರಡನೆಯವನು.

ಇಬ್ಬರ ಅಂಕೆಗಳೂ ಸರಿಯಾಗಿದ್ದುವು. ಇಬ್ಬರ ತೀರ್ಪೂ ತಪ್ಪಾಗಿತ್ತು. ಇದು ಹುಡುಗರ ಹರಟೆಯಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಕಾರಿನ ಜಾಹೀರಾತುಗಳು ಇದೇ ಅಳತೆಗೋಲುಗಳನ್ನು ಹಿಡಿದು ಮಾತನಾಡುತ್ತವೆ. ಕೊಳ್ಳುವವರು ಇವುಗಳನ್ನೇ ನಂಬುತ್ತಾರೆ. ಸರ್ಕಾರಗಳು ತೆರಿಗೆಯನ್ನು ಹಾಕುವಾಗಲೂ ಲೀಟರನ್ನೇ ಅಳೆಯುತ್ತವೆ. ಅಳತೆಗೋಲು ಡೊಂಕಾಗಿದ್ದರೆ ಅದರಿಂದ ಅಳೆದು ಕಟ್ಟಿದುದೆಲ್ಲವೂ ಡೊಂಕಾಗುವುದು. ಆದ್ದರಿಂದ ಆ ವಿದ್ಯಾರ್ಥಿಗಳಿಗೆ ಕೊಟ್ಟ ಉತ್ತರವನ್ನು ತುಸು ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಲೀಟರೆಂದರೇನೆಂಬುದನ್ನು ನೋಡೋಣ. ಪಿಸ್ಟನ್ನುಗಳು ಸಿಲಿಂಡರಿನಲ್ಲಿ ಮೇಲಿಂದ ಕೆಳಕ್ಕೆ ಸರಿದಾಗ ತೆರವಾಗುವ ಒಟ್ಟು ಸ್ಥಳವೇ ಎಂಜಿನಿನ ಲೀಟರು. ಅಂದರೆ ಅದು ಎಂಜಿನಿನ ಒಂದು ಉಸಿರು. ನಾಲ್ಕು ನಡೆಗಳ ಎಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಥ ಒಂದು ಉಸಿರಾಟ ನಡೆಯುತ್ತದೆ. ಒಬ್ಬ ಮನುಷ್ಯನು ಎಷ್ಟು ದುಡಿಯಬಲ್ಲನೆಂಬುದನ್ನು ತಿಳಿಯಬೇಕಾದರೆ ಅವನ ಒಂದು ಉಸಿರಿನ ಗಾತ್ರವನ್ನು ಅಳೆದರೆ ಸಾಲದು; ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆಂಬುದನ್ನೂ ನೋಡಬೇಕು. ಇಂಧನವು ಉರಿಯುವುದು ಗಾಳಿಯಿಂದ; ಗಾಳಿಯು ಬರುವುದು ನಿಮಿಷದ ಲೆಕ್ಕದಲ್ಲಿ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಎರಡು ಕಾರುಗಳ ಅಂತರ ಬೇರೆಯಾಗಿ ಕಾಣುತ್ತದೆ. ಲೀಟರಿನಲ್ಲಿ ಕಾರ್ವೆಟ್ಟು ಹೋಂಡಾದ ಎರಡೂಮುಕ್ಕಾಲರಷ್ಟಕ್ಕಿಂತ ತುಸು ಹೆಚ್ಚು. ಪೂರ್ಣ ಸಾಮರ್ಥ್ಯದಲ್ಲಿ ದುಡಿಯುವಾಗ ಕಾರ್ವೆಟ್ಟಿನ ಪಿಸ್ಟನ್ನುಗಳು ನಿಮಿಷಕ್ಕೆ ಸುಮಾರು 16,000 ಲೀಟರು ಸ್ಥಳವನ್ನೂ ಹೋಂಡಾದವು 8,300 ಲೀಟರು ಸ್ಥಳವನ್ನೂ ಬಿಡಿಸುತ್ತವೆ. ಅಂತರ ಎರಡರಷ್ಟಕ್ಕಿಂತ ಕೆಳಗಿಳಿಯಿತು. ಇನ್ನು ಸಮತಟ್ಟಾದ ಹೆದ್ದಾರಿಯಲ್ಲಿ, ಇಬ್ಬರೂ ಆರನೆಯ ಗೇರಿನಲ್ಲಿ, ಗಂಟೆಗೆ 100 ಕಿಲೋಮೀಟರಿನಂತೆ ನೆಮ್ಮದಿಯಾಗಿ ಸಾಗುತ್ತಿದ್ದಾರೆನ್ನೋಣ. ಗೇರುಗಳ ಅನುಪಾತವನ್ನೂ ಗಾಲಿಗಳ ಸುತ್ತಳತೆಯನ್ನೂ ಹಿಡಿದು ಲೆಕ್ಕ ಹಾಕಿದರೆ ಕಾರ್ವೆಟ್ಟಿನ ಎಂಜಿನು ನಿಮಿಷಕ್ಕೆ ಸುಮಾರು 1,350 ಸುತ್ತು, ಹೋಂಡಾದ್ದು ಸುಮಾರು 3,250 ಸುತ್ತು ಸುತ್ತುತ್ತಿರುತ್ತವೆ. ಆಗ ಒಂದರ ನಿಮಿಷದ ಉಸಿರು 3,800 ಲೀಟರು, ಇನ್ನೊಂದರದು 3,250. ಎರಡೂಮುಕ್ಕಾಲರಷ್ಟಿದ್ದ ಅಂತರ ಆರನೆಯ ಒಂದು ಪಾಲಿಗೆ ಕುಗ್ಗಿಹೋಯಿತು. ದೊಡ್ಡದು ನಿಧಾನವಾಗಿಯೂ ಆಳವಾಗಿಯೂ ಉಸಿರಾಡುತ್ತದೆ, ಚಿಕ್ಕದು ಬೇಗಬೇಗನೆ ಉಸಿರಾಡುತ್ತದೆ. ಆನೆಯ ಹೃದಯ ನಿಮಿಷಕ್ಕೆ ಸುಮಾರು 30 ಸಲ ಬಡಿದರೆ ಇಲಿಯದು 500ಕ್ಕೂ ಮೀರಿ ಬಡಿಯುತ್ತದೆ. ಹಾಗೆಂದು ಇಲಿಯನ್ನು ಚುರುಕೆಂದೂ ಆನೆಯನ್ನು ಒರಟೆಂದೂ ಯಾವ ಜೀವಶಾಸ್ತ್ರಜ್ಞನೂ ತೀರ್ಪು ಕೊಡುವುದಿಲ್ಲ.

ಈ ಹೋಲಿಕೆ ಬರಿಯ ಅಲಂಕಾರವಲ್ಲ. ಇದರ ಹಿಂದೆ ಗೆಲಿಲಿಯೋ 1638ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ವಿವರಿಸಿದ ಒಂದು ತತ್ವವಿದೆ. ವಸ್ತುವೊಂದರ ಉದ್ದಗಲಗಳನ್ನೆಲ್ಲ ಅರ್ಧ ಮಾಡಿದರೆ ಅದರ ಮೇಲ್ಮೈ ನಾಲ್ಕನೆಯ ಒಂದು ಪಾಲಾಗುತ್ತದೆ, ಘನಗಾತ್ರವಾದರೋ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎಂಜಿನೊಂದನ್ನು ಹೀಗೆ ಅರ್ಧ ಅಳತೆಗೆ ಇಳಿಸಿದೆವೆಂದುಕೊಳ್ಳೋಣ. ಪಿಸ್ಟನ್ನಿನ ವೇಗವನ್ನೂ ಸಿಲಿಂಡರಿನೊಳಗಿನ ಒತ್ತಡವನ್ನೂ ಮೊದಲಿದ್ದಂತೆಯೇ ಇಟ್ಟುಕೊಂಡರೆ, ನಡೆಯ ದೂರ ಅರ್ಧವಾದುದರಿಂದ ಎಂಜಿನು ಎರಡರಷ್ಟು ಬೇಗ ಸುತ್ತಬಹುದು. ಉಸಿರು ಎಂಟನೆಯ ಒಂದು ಪಾಲು, ಉಸಿರಾಟ ಎರಡರಷ್ಟು. ಆದ್ದರಿಂದ ಸಾಮರ್ಥ್ಯ ನಾಲ್ಕನೆಯ ಒಂದು ಪಾಲು. ಅಂದರೆ ಸಾಮರ್ಥ್ಯ ನಾಲ್ಕು ಪಟ್ಟು ಕುಗ್ಗಿದರೂ ಲೀಟರಿಗೆ ಇಷ್ಟು ಅಶ್ವಶಕ್ತಿಯೆಂಬ ಅಂಕೆ ಮಾತ್ರ ಎರಡರಷ್ಟಾಗಿ ಬೀಗುತ್ತದೆ! ಶಿಲ್ಪಿಯು ಯಾವ ಹೊಸ ಕೌಶಲವನ್ನೂ ತೋರಿಸಿಲ್ಲ. ಚಿಕ್ಕ ಸಿಲಿಂಡರಿಗೆ ಪ್ರಕೃತಿಯೇ ಕೊಟ್ಟ ರಿಯಾಯಿತಿ ಇದು. 1966ರಲ್ಲಿ ಪಂದ್ಯಗಳಲ್ಲಿ ಓಡಿದ ಹೋಂಡಾ ಸಂಸ್ಥೆಯ 250 ಸಿ.ಸಿ. ಮೋಟಾರು ಸೈಕಲಿಗೆ ಆರು ಸಿಲಿಂಡರುಗಳಿದ್ದುವು. ಅದು ನಿಮಿಷಕ್ಕೆ 18,000 ಸುತ್ತು ಸುತ್ತಿ 60 ಅಶ್ವಶಕ್ತಿಗೂ ಮಿಕ್ಕು ಕೊಡುತ್ತಿತ್ತು. ಲೀಟರಿಗೆ 240ರ ಲೆಕ್ಕ. ಕೇಳಿದರೆ ಎದೆ ನಡುಗುವ ಅಂಕೆ. ಆದರೆ ಅದರ ಪಿಸ್ಟನ್ನಿನ ನಡೆ 35 ಮಿಲಿಮೀಟರನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 21 ಮೀಟರನ್ನು ಮೀರುತ್ತಿರಲಿಲ್ಲ.

ಹಾಗಾದರೆ ಎಸ್-2000ರ ಎಂಜಿನಿನಲ್ಲಿ ಹೆಗ್ಗಳಿಕೆ ಏನೂ ಇಲ್ಲವೇ? ಧಾರಾಳವಾಗಿ ಇದೆ. ಅದನ್ನು ಸರಿಯಾದ ಸ್ಥಳದಲ್ಲಿ ಹುಡುಕಬೇಕು, ಅಷ್ಟೆ. ಅದರ ಪಿಸ್ಟನ್ನಿನ ನಡೆ 84 ಮಿಲಿಮೀಟರು. 9,000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25.2 ಮೀಟರಾಗುತ್ತದೆ, ಮೇಲೆ ಹೇಳಿದ ಪಂದ್ಯದ ಮೋಟಾರು ಸೈಕಲಿಗಿಂತಲೂ ಹೆಚ್ಚು! ಕಾರ್ವೆಟ್ಟಿನದು 6,000 ಸುತ್ತಿನಲ್ಲಿ 18.4 ಮೀಟರು. ವೇಗಕ್ಕಿಂತ ಭಯಂಕರವಾದುದು ವೇಗೋತ್ಕರ್ಷ. ನಡೆಯ ತುದಿಯಲ್ಲಿ ಪಿಸ್ಟನ್ನು ಕ್ಷಣಮಾತ್ರ ನಿಂತು ಹಿಂದಿರುಗಬೇಕು. ಸರಳ ಹರಾತ್ಮಕ ಚಲನೆಯೆಂದು ಭಾವಿಸಿ ಲೆಕ್ಕ ಮಾಡಿದರೂ, ಹೋಂಡಾದ ಪಿಸ್ಟನ್ನು ಆಗ ಗುರುತ್ವದ 3,800ರಷ್ಟು ವೇಗೋತ್ಕರ್ಷವನ್ನು ತಡೆದುಕೊಳ್ಳಬೇಕು, ಕಾರ್ವೆಟ್ಟಿನದು 1,850ರಷ್ಟು. ಸುತ್ತುಗಳು ಎರಡರಷ್ಟಾದರೆ ಈ ಜಗ್ಗಾಟ ನಾಲ್ಕರಷ್ಟಾಗುವುದೆಂಬುದು ನಮ್ಮ ಪಾಠದ ಮೊದಲ ಸೂತ್ರ. ಇಂಥ ಜಗ್ಗಾಟವನ್ನು ಮಾರಾಟದ ಕಾರಿನಲ್ಲಿ ವರ್ಷಗಟ್ಟಲೆ ತಾಳುವಂತೆ ಮಾಡಿದುದು ಲೋಹವಿದ್ಯೆಯ ಸಾಹಸ.

ಎರಡನೆಯ ಸಾಹಸವು ಗಾಳಿಗೆ ಸಂಬಂಧಪಟ್ಟದ್ದು. 9,000 ಸುತ್ತಿನಲ್ಲಿ ಪಿಸ್ಟನ್ನಿನ ಒಂದು ನಡೆ ಸೆಕೆಂಡಿನ ಮುನ್ನೂರನೆಯ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಗಾಳಿಗೂ ಜಡತ್ವವುಂಟು, ಅಷ್ಟರೊಳಗೆ ಅದು ಒಳಗೆ ತುಂಬಬೇಕಾದರೆ ಕವಾಟಗಳನ್ನು ಬೇಗ ತೆರೆದು ತಡವಾಗಿ ಮುಚ್ಚಬೇಕು. ಆದರೆ ಎಂಜಿನು ನಿಧಾನವಾಗಿ ಓಡುವಾಗ ಹೀಗೆ ಮಾಡಿದರೆ ಒಳಬಂದ ಗಾಳಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿಬಿಡುತ್ತದೆ. ಹೋಂಡಾದ ತಜ್ಞರು ಕವಾಟಗಳನ್ನೆತ್ತಲು ಎರಡು ಬಗೆಯ ಉಬ್ಬುಗಳನ್ನಿಟ್ಟು, ಸುಮಾರು 6,000 ಸುತ್ತಿನ ಬಳಿ ಒಂದರಿಂದ ಇನ್ನೊಂದಕ್ಕೆ ಬದಲಾಗುವ ಉಪಾಯವನ್ನು ಮಾಡಿದರು. ಲೀಟರಿಗೆ 61 ಎಂಬುದು 120 ಆದುದು ಹೇಗೆಂದು ಬಿಡಿಸಿ ನೋಡಿದರೆ, ಒಂದೂವರೆಯಷ್ಟು ಸುತ್ತಿನಿಂದಲೂ ಒಂದೂಕಾಲರಷ್ಟಕ್ಕಿಂತ ತುಸು ಹೆಚ್ಚು ಈ ಸೊಗಸಾದ ಉಸಿರಾಟದಿಂದಲೂ ಬಂದಿದೆ. ಮೊದಲನೆಯ ವಿದ್ಯಾರ್ಥಿಯು ಮೆಚ್ಚಬೇಕಾದುದು ಪಿಸ್ಟನ್ನಿನ ವೇಗವನ್ನು, ಸಿಲಿಂಡರು ತುಂಬುವ ಪರಿಯನ್ನು. ಲೀಟರಿಗೆ 120 ಎಂಬ ಒಂದೇ ಅಂಕೆಯಲ್ಲಿ ಈ ಎರಡು ಗುಣಗಳೊಡನೆ ಸಿಲಿಂಡರಿನ ಗಾತ್ರವೂ ಬೆರೆತು, ಯಾವುದು ಯಾರ ಸಂಪಾದನೆಯೆಂಬುದು ಮರೆಯಾಗುತ್ತದೆ.

ಇನ್ನು ಟಾರ್ಕಿನ ಪಕ್ಷಪಾತಿಯ ಕಡೆಗೆ ತಿರುಗೋಣ. ಟಾರ್ಕೆಂದರೆ ತಿರುಗಿಸುವ ಬಲದ ಅಳತೆ. ಬಿಗಿಯಾದ ನಟ್ಟನ್ನು ಬಿಚ್ಚುವಾಗ ಸ್ಪ್ಯಾನರಿನ ಹಿಡಿಗೆ ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಂಡರೆ ಕೆಲಸ ಹಗುರಾಗುವುದನ್ನು ಎಲ್ಲರೂ ಕಂಡಿದ್ದಾರೆ. ಹಿಡಿ ಉದ್ದವಾದಷ್ಟೂ ಟಾರ್ಕು ಹೆಚ್ಚು, ಆದರೆ ಕೈ ಅಷ್ಟೇ ಹೆಚ್ಚು ದೂರ ಸುತ್ತಬೇಕು. ಹಲ್ಲುಚಕ್ರಗಳು ಮಾಡುವ ವ್ಯಾಪಾರವೂ ಇದೇ. ಸುತ್ತನ್ನು ಕೊಟ್ಟರೆ ಟಾರ್ಕನ್ನು ಕೊಡುತ್ತವೆ, ಟಾರ್ಕನ್ನು ಕೊಟ್ಟರೆ ಸುತ್ತನ್ನು ಕೊಡುತ್ತವೆ. ಘರ್ಷಣೆಯ ದಲ್ಲಾಳಿ ಸ್ವಲ್ಪ ಹಿಡಿದುಕೊಂಡರೂ, ಈ ವ್ಯಾಪಾರದಲ್ಲಿ ಹೆಚ್ಚೂಕಡಿಮೆ ಬದಲಾಗದೆ ಉಳಿಯುವುದು ಎರಡರ ಗುಣಲಬ್ಧ, ಅದೇ ಸಾಮರ್ಥ್ಯ.

ಲೆಕ್ಕವನ್ನೇ ಮಾಡಿಬಿಡೋಣ. ಎರಡನೆಯ ಗೇರಿನಲ್ಲಿ ಹೋಂಡಾದ ಎಂಜಿನು ಸುಮಾರು ಒಂಬತ್ತೂಮುಕ್ಕಾಲು ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು ಬರುತ್ತದೆ. ಕಾರ್ವೆಟ್ಟಿನದು ಆರು ಸುತ್ತಿಗೇ. ಆದ್ದರಿಂದ ಎಂಜಿನಿನ ಬಳಿ 207 ಮತ್ತು 475 ಆಗಿದ್ದ ಟಾರ್ಕುಗಳು ಗಾಲಿಯನ್ನು ಮುಟ್ಟುವ ಹೊತ್ತಿಗೆ ಸುಮಾರು 2,010 ಮತ್ತು 2,890 ಆಗುತ್ತವೆ. ಕಾರ್ವೆಟ್ಟಿನ ಗಾಲಿಗಳು ತುಸು ದೊಡ್ಡವು; ಕಾರಿನ ತೂಕವೂ ಹೆಚ್ಚು. ಹೋಂಡಾ ಸುಮಾರು 1,275 ಕಿಲೋಗ್ರಾಮು, ಕಾರ್ವೆಟ್ಟು ಸುಮಾರು 1,465. ಇದನ್ನೆಲ್ಲ ಕಳೆದು, ಪ್ರತಿ ಕಿಲೋಗ್ರಾಮನ್ನು ಮುಂದಕ್ಕೆ ತಳ್ಳುವ ಬಲವೆಷ್ಟೆಂದು ನೋಡಿದರೆ ಹೋಂಡಾಕ್ಕೆ 5.0 ನ್ಯೂಟನ್, ಕಾರ್ವೆಟ್ಟಿಗೆ 5.8 ನ್ಯೂಟನ್ ಸಿಕ್ಕುತ್ತದೆ. ಎರಡೂಕಾಲರಷ್ಟಿದ್ದ ಅಂತರ ಇಲ್ಲಿಯೂ ಆರನೆಯ ಒಂದು ಪಾಲಿಗೆ ಬಂದು ನಿಂತಿತು! ಎಂಜಿನಿನ ಬಳಿಯ ಟಾರ್ಕನ್ನು ಮಾತ್ರ ಹೇಳಿ ಗೇರಿನ ಸುದ್ದಿಯನ್ನು ಮುಚ್ಚಿಡುವವನು, ಕೊಂಡ ಬೆಲೆಯನ್ನು ಹೇಳದೆ ಮಾರಿದ ಬೆಲೆಯನ್ನೇ ಲಾಭವೆಂದು ತೋರಿಸುವ ವರ್ತಕನಂತೆ.

ಆದರೆ ಎರಡನೆಯ ವಿದ್ಯಾರ್ಥಿಯ ಮಾತಿನಲ್ಲಿ ತಾನು ಅರಿಯದೆ ಆಡಿದ ಒಂದು ಸತ್ಯವೂ ಇದೆ. ಮೇಲಿನ ಲೆಕ್ಕದಲ್ಲಿ ಹೋಂಡಾ 7,500 ಸುತ್ತಿನಲ್ಲಿತ್ತು, ಕಾರ್ವೆಟ್ಟು 4,400ರಲ್ಲಿ. ಇಬ್ಬರನ್ನೂ 4,400ಕ್ಕೇ ಇಳಿಸಿ ನೋಡಿದರೆ ಕಾರ್ವೆಟ್ಟು ಆಗಲೇ ತನ್ನ 345ರಲ್ಲಿ 293 ಅಶ್ವಶಕ್ತಿಯನ್ನು ಕೈಗೆ ಕೊಟ್ಟಿರುತ್ತದೆ. ಹೋಂಡಾವು ತನ್ನ ಅತ್ಯಧಿಕ ಟಾರ್ಕನ್ನೇ ಅಲ್ಲಿ ಕೊಟ್ಟರೂ 128ನ್ನು ದಾಟಲಾರದು. ವಾಸ್ತವದಲ್ಲಿ ಅದಕ್ಕೂ ಕಡಿಮೆ. ಚಿಕ್ಕ ಎಂಜಿನು ಸಾಮರ್ಥ್ಯವನ್ನು ಮೇಲಿನ ಅಟ್ಟದಲ್ಲಿಟ್ಟಿದೆ. ಬೇಕಾದವನು ಗೇರಿನ ಮೆಟ್ಟಿಲನ್ನು ಇಳಿದು ಸುತ್ತನ್ನು ಏರಿಸಿಕೊಳ್ಳಬೇಕು. ದೊಡ್ಡದು ಅದನ್ನು ಕೈಗೆಟಕುವ ಗೂಡಿನಲ್ಲಿಟ್ಟಿದೆ. ಇವೆರಡರ ನಿಜವಾದ ಭೇದ ಇದೇ. ಒಂದು ಚಾಲಕನಿಂದ ದುಡಿಮೆಯನ್ನು ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ಆ ದುಡಿಮೆಯನ್ನು ಸುಖವೆನ್ನುವವರೂ ಉಂಟು, ಕಾಟವೆನ್ನುವವರೂ ಉಂಟು. ಅದು ಅಭಿರುಚಿಯ ಮಾತು. ಇಲ್ಲಿ ಭೌತವಿಜ್ಞಾನವು ತೀರ್ಪು ಕೊಡಲಾರದು.

ಪಂದ್ಯದ ಇತಿಹಾಸವೂ ಒಂದೇ ಪಕ್ಷವನ್ನು ಹಿಡಿಯುವುದಿಲ್ಲ. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 1966ರಲ್ಲಿ ನಡೆದ 24 ಗಂಟೆಗಳ ಓಟದಲ್ಲಿ ಏಳು ಲೀಟರಿನ ಫೋರ್ಡ್ ಕಾರುಗಳು ಮೊದಲ ಮೂರು ಸ್ಥಾನಗಳನ್ನು ಗೆದ್ದುವು. ನಾಲ್ಕು ಲೀಟರಿನ, ಹನ್ನೆರಡು ಸಿಲಿಂಡರಿನ ಹೊಸ ಫೆರಾರಿಗಳು ಕೊನೆಯನ್ನು ಮುಟ್ಟಲಿಲ್ಲ. ದೊಡ್ಡ ಎಂಜಿನಿಗೆ ಜಯಕಾರ ಹಾಕುವವರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಾಲ್ಕರಿಂದ ಏಳರವರೆಗಿನ ಸ್ಥಾನಗಳನ್ನು ಪಡೆದುವು ಯಾವುವು? ಎರಡೇ ಲೀಟರಿನ ಪೋರ್ಷೆಗಳು! ಹಗುರವಾದ ಮೈ, ಗಾಳಿಯನ್ನು ಸೀಳುವ ಆಕಾರ, ಕೆಡದೆ ಓಡುವ ಗುಣ ಇವು ಲೀಟರಿನ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಟ್ಟಿದ್ದುವು.

ಹೀಗಿರುವಾಗ ಲೀಟರಿಗೆ ಇಷ್ಟು ಗೌರವ ಬಂದುದಾದರೂ ಹೇಗೆ? ನಮ್ಮ ಅಭಿಪ್ರಾಯದಲ್ಲಿ ಅದು ಕಾನೂನಿನಿಂದ ಬಂದುದು. ಅಳೆಯುವುದಕ್ಕೆ ಸುಲಭವಾದುದರಿಂದ ತೆರಿಗೆಯವರೂ ಪಂದ್ಯದವರೂ ಎಂಜಿನಿನ ಅಳತೆಯನ್ನೇ ಹಿಡಿದರು. ಬ್ರಿಟನ್ನಿನಲ್ಲಿ 1921ರಿಂದ, ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳವರೆಗೂ, ಸಿಲಿಂಡರಿನ ವ್ಯಾಸವನ್ನೂ ಸಂಖ್ಯೆಯನ್ನೂ ಮಾತ್ರ ನೋಡಿ ತೆರಿಗೆ ಹಾಕುತ್ತಿದ್ದರು. ನಡೆಯ ಉದ್ದವನ್ನು ಸೂತ್ರದಲ್ಲಿ ಸೇರಿಸಿರಲಿಲ್ಲ. ಪರಿಣಾಮವೇನಾಯಿತೆಂದರೆ ಅಲ್ಲಿಯ ತಯಾರಕರು ಇಕ್ಕಟ್ಟಾದ, ಉದ್ದ ನಡೆಯ ಸಿಲಿಂಡರುಗಳನ್ನೇ ಮಾಡುತ್ತ ಹೋದರು. ಜಪಾನಿನಲ್ಲಿ ಚಿಕ್ಕ ಕಾರುಗಳ ರಿಯಾಯಿತಿಗೆ 1990ರಿಂದ 660 ಸಿ.ಸಿ. ಮಿತಿಯಿದೆ. ನಮ್ಮ ದೇಶದಲ್ಲಿ 2006ರ ಬಜೆಟ್ಟು, ನಾಲ್ಕು ಮೀಟರಿಗೆ ಮೀರದ ಉದ್ದವೂ ಪೆಟ್ರೋಲಿಗಾದರೆ 1,200, ಡೀಸೆಲಿಗಾದರೆ 1,500 ಸಿ.ಸಿ.ಗೆ ಮೀರದ ಎಂಜಿನೂ ಇದ್ದರೆ ಅದು ಚಿಕ್ಕ ಕಾರೆಂದು ಸುಂಕವನ್ನು ಇಳಿಸಿತು. ಅವೇ ಮಿತಿಗಳು ಇಂದಿನ ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಉಳಿದುಬಂದಿವೆ. ಕಾರಿನ ತೂಕವನ್ನು ಈ ಸೂತ್ರ ಕೇಳುವುದೇ ಇಲ್ಲ.

ತೂಕವನ್ನು ನಾವು ಹಿಡಿದು ಕೇಳುತ್ತಿರುವುದಕ್ಕೆ ಕಾರಣವಿದೆ. ಚಿಕ್ಕ ಸ್ಪೋರ್ಟ್ಸ್ ಕಾರನ್ನು ಪ್ರೀತಿಸುವವರು ಸಾಮಾನ್ಯವಾಗಿ ಅದರ ಎಂಜಿನಿನ ಕೂಗನ್ನು ಹೊಗಳುತ್ತಾರೆ. ಅವರನ್ನು ಮೆಚ್ಚಿಸಿದುದರಲ್ಲಿ ಬಹುಭಾಗ ಕೂಗಲ್ಲ, ಹಗುರವೆಂದು ನಮಗೆ ತೋರುತ್ತದೆ. 1989ರಲ್ಲಿ ಬಂದ ಮಾಜ್ದಾ ಎಂ.ಎಕ್ಸ್.-5 ಎಂಬ ಕಾರಿಗೆ 1.6 ಲೀಟರಿನ ಸಾಧಾರಣ ಎಂಜಿನು. 6,500 ಸುತ್ತಿಗೆ 116 ಅಶ್ವಶಕ್ತಿ. ಅದರಲ್ಲಿ ಸುತ್ತಿನ ಸಾಹಸವಿಲ್ಲ, ಲೀಟರಿನ ಹೆಮ್ಮೆಯೂ ಇಲ್ಲ. ಆದರೆ ತೂಕ 1,000 ಕಿಲೋಗ್ರಾಮಿಗಿಂತ ಕಡಿಮೆ. ಜಗತ್ತಿನಾದ್ಯಂತ ಜನ ಅದನ್ನು ಮೆಚ್ಚಿದರು. ಹಗುರವಾದ ಕಾರು ಓಡುವುದಕ್ಕೂ ತಿರುಗುವುದಕ್ಕೂ ನಿಲ್ಲುವುದಕ್ಕೂ ಕಡಿಮೆ ಬಲವನ್ನು ಬೇಡುತ್ತದೆ. ಡಿಕ್ಕಿ ಹೊಡೆದಾಗ ಅದು ಎದುರಿನವನಿಗೆ ಒಪ್ಪಿಸುವ ಚಲನಶಕ್ತಿಯೂ ಕಡಿಮೆ. ರಸ್ತೆಯಲ್ಲಿ ನಡೆದುಹೋಗುವವನಿಗೆ ಕಾರಿನ ಲೀಟರು ಮುಖ್ಯವಲ್ಲ, ಅದರ ತೂಕ ಮತ್ತು ವೇಗ ಮುಖ್ಯ.

ಇನ್ನೊಂದು ವಿನೋದವನ್ನು ಹೇಳಿ ಮುಗಿಸುತ್ತೇವೆ. ನಮ್ಮ ವಿದ್ಯಾರ್ಥಿಗಳು ಹಳೆಯ ಬಾವುಟಗಳನ್ನು ಹಿಡಿದು ಹೋರಾಡುತ್ತಿದ್ದಾಗ ಆ ಎರಡು ಸೈನ್ಯಗಳೂ ಪಾಳೆಯವನ್ನು ಬದಲಾಯಿಸಿದ್ದುವು! ಎಸ್-2000ರ ತಯಾರಿಕೆ 2009ರಲ್ಲಿ ನಿಂತುಹೋಯಿತು. ಅದೇ ಹೋಂಡಾ ಸಂಸ್ಥೆಯು 2015ರಲ್ಲಿ ತನ್ನ ಸಿವಿಕ್ ಟೈಪ್-ಆರ್ ಕಾರಿಗೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಎರಡು ಲೀಟರಿನ ಎಂಜಿನನ್ನು ಇಟ್ಟಿತು. ಅದು 2,500 ಸುತ್ತಿಗೇ 400 ನ್ಯೂಟನ್-ಮೀಟರು ಟಾರ್ಕನ್ನು ಕೊಡುತ್ತದೆ. ಕಾರ್ವೆಟ್ಟಿನವರು 2023ರ ಜಡ್-06 ಮಾದರಿಗೆ ನಡೆಯನ್ನು 80 ಮಿಲಿಮೀಟರಿಗೆ ಇಳಿಸಿದ 5.5 ಲೀಟರಿನ ಎಂಜಿನನ್ನು ಮಾಡಿದರು. ಅದು 8,400 ಸುತ್ತಿನಲ್ಲಿ 670 ಅಶ್ವಶಕ್ತಿಯನ್ನು ಕೊಡುತ್ತದೆ. ಭಾಗಿಸಿ ನೋಡಿದರೆ ಲೀಟರಿಗೆ 122! ಒರಟು ಯಂತ್ರವೆಂದು ಹೀಗಳೆಯಲ್ಪಟ್ಟ ಕುಲವೇ ಹೋಂಡಾದ ಹೆಮ್ಮೆಯ ಅಂಕೆಯನ್ನು ದಾಟಿತು. ಇತ್ತ ವಿದ್ಯುತ್ ಕಾರುಗಳು ಬಂದು, ಉಸಿರೇ ಇಲ್ಲದೆ ಓಡುತ್ತ, ಲೀಟರೆಂಬ ಮಾತನ್ನೇ ಅರ್ಥಹೀನ ಮಾಡುತ್ತಿವೆ. ಆದರೆ ಬ್ಯಾಟರಿಯ ಭಾರದಿಂದ ಅವುಗಳ ತೂಕ ಏರುತ್ತಿದೆ. ಅಳತೆಗೋಲನ್ನು ಬದಲಾಯಿಸಲು ಇದಕ್ಕಿಂತ ತಕ್ಕ ಕಾಲವಿಲ್ಲ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಕಾರನ್ನು ಹೋಲಿಸುವವರು ಟನ್ನಿಗೆ ಎಷ್ಟು ಅಶ್ವಶಕ್ತಿಯೆಂದು ಕೇಳಲಿ. ಆ ಶಕ್ತಿ ಯಾವ ಸುತ್ತಿನಲ್ಲಿ ಕೈಗೆ ಬರುತ್ತದೆಂದು ಕೇಳಲಿ. ಎಂಜಿನನ್ನು ಹೋಲಿಸುವವರು ಪಿಸ್ಟನ್ನಿನ ವೇಗವನ್ನೂ ಸಿಲಿಂಡರಿನ ಒತ್ತಡವನ್ನೂ ಕೇಳಲಿ. ತೆರಿಗೆ ಹಾಕುವವರು ಕಾರಿನ ತೂಕವನ್ನೂ ಅದು ಹೊರಬಿಡುವ ಹೊಗೆಯನ್ನೂ ಅಳೆಯಲಿ.

ವಿದ್ಯಾರ್ಥಿಗಳು ಕಡೆಗೆ, "ಹಾಗಾದರೆ ಗೆದ್ದವರು ಯಾರು, ಸಾರ್?" ಎಂದು ಕೇಳಿದರು. ಟನ್ನಿನ ಲೆಕ್ಕದಲ್ಲಿ ಕಾರ್ವೆಟ್ಟಿಗೆ 235, ಹೋಂಡಾಕ್ಕೆ 188 ಅಶ್ವಶಕ್ತಿ. ಗೆದ್ದುದು ಕಾರ್ವೆಟ್ಟು, ಆದರೆ ನೀವಿಬ್ಬರೂ ಹೇಳಿದ ಕಾರಣಕ್ಕಲ್ಲ ಎಂದೆವು. ನಮಗೆ ಯಾರಾದರೂ ಒಂದನ್ನು ದಾನ ಮಾಡುವುದಾದರೆ ಹೋಂಡಾವನ್ನೇ ಕೇಳುತ್ತೇವೆ ಎಂದೂ ಒಪ್ಪಿಕೊಂಡೆವು. ಅದು 190 ಕಿಲೋಗ್ರಾಮು ಹಗುರ.